ನೆಟ್ಟ ಕಲ್ಲಿನ ಸಾಕ್ಷ್ಯ

ಸಾವನದುರ್ಗದ ಬುಡದಲ್ಲಿರುವ ಸಾವಂದಿ ವೀರಭದ್ರಸ್ವಾಮಿಯ ಸನ್ನಿಧಿಗೆ ಮಾಗಡಿ, ಕುದೂರು, ಸೋಲೂರು, ತಿಪ್ಪಸಂದ್ರಗಳ ಕಡೆಯಿಂದ ಭಕ್ತರು ತಲೆತಲಾಂತರದಿಂದ ನಡೆದುಬರುತ್ತಿದ್ದಾರೆ. ಮೇಲೆ ಕರಿಗುಡ್ಡ ಬಿಳಿಗುಡ್ಡಗಳೆಂಬ ಎರಡು ಮಹಾಶಿಲೆಗಳು. ಕೆಳಗೆ ದೇವಾಲಯ, ಕಾಡು, ರಾಗಿಯ ಹೊಲಗಳು. ಇಲ್ಲಿಗೆ ಬಂದವರಿಗೆ ಮಾಗಡಿಯ ಕೆಂಪೇಗೌಡರ ಕೋಟೆಯ ನೆನಪಾಗುವುದು ಸಹಜ. ೧೭೯೧ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಈ ದುರ್ಗವನ್ನು ಹಿಡಿದ ಸಂಗತಿಯನ್ನೂ ಬಲ್ಲವರು ಹೇಳುತ್ತಾರೆ. ಆದರೆ ಕೋಟೆಗಿಂತಲೂ, ದೇವಾಲಯಕ್ಕಿಂತಲೂ, ಈ ನಾಡಿನಲ್ಲಿ ಅಕ್ಷರವೆಂಬುದು ಹುಟ್ಟುವುದಕ್ಕಿಂತಲೂ ಹಿಂದೆ ಇದೇ ತಪ್ಪಲಿನಲ್ಲಿ ಜನರು ಬಾಳಿ, ತಮ್ಮವರನ್ನು ಮಣ್ಣುಮಾಡಿ, ಅವರ ಮೇಲೆ ಕಲ್ಲು ನಿಲ್ಲಿಸಿ ಹೋಗಿದ್ದರೆಂಬುದನ್ನು ಅರಿತವರು ವಿರಳ. ಆ ಕಲ್ಲುಗಳನ್ನು ಕುರಿತು, ವಿಶೇಷವಾಗಿ ಅವುಗಳನ್ನು ಕಾಯುವ ಬಗೆಯನ್ನು ಕುರಿತು ಕೆಲವು ಮಾತುಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ತಿಪ್ಪಸಂದ್ರವು ಮಾಗಡಿ ತಾಲ್ಲೂಕಿನ ಒಂದು ಹೋಬಳಿ. ಬೆಂಗಳೂರು ನಗರದೊಳಗೆ ಸೇರಿಹೋಗಿರುವ ಅದೇ ಹೆಸರಿನ ಬಡಾವಣೆ ಇದಲ್ಲ. ಹಿಂದೆ ಬೆಂಗಳೂರು ಜಿಲ್ಲೆಗೆ, ೧೯೮೬ರ ತರುವಾಯ ಬೆಂಗಳೂರು ಗ್ರಾಮಾಂತರಕ್ಕೆ ಸೇರಿದ್ದ ಈ ಸೀಮೆಯು ೨೦೦೭ರಲ್ಲಿ ರಾಮನಗರ ಜಿಲ್ಲೆಯ ಭಾಗವಾಯಿತು; ಆ ಜಿಲ್ಲೆಗೆ ೨೦೨೫ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರಿಡಲಾಯಿತು. ಊರ ಹೆಸರಿನ ಕೊನೆಯ ‘ಸಂದ್ರ’ವು ‘ಸಮುದ್ರ’ ಶಬ್ದದ ತದ್ಭವ, ಅಂದರೆ ದೊಡ್ಡ ಕೆರೆ. ಇಂಥ ಹೆಸರುಗಳು ಈ ಭಾಗದಲ್ಲಿ ಹೇರಳವಾಗಿವೆ. ನೀರನ್ನು ಕಟ್ಟಿ ನಿಲ್ಲಿಸಿದವರು ಊರ ಹೆಸರಿನಲ್ಲಿ ತಮ್ಮ ಗುರುತನ್ನು ಉಳಿಸಿದರು. ಅವರಿಗಿಂತ ಬಹು ಹಿಂದೆ ಕಲ್ಲನ್ನು ನಿಲ್ಲಿಸಿದವರಿಗೆ ಅಂಥ ಭಾಗ್ಯವೂ ದೊರೆಯಲಿಲ್ಲ.

ಕಲ್ಲು ನೆಡುವುದು ಈ ಸೀಮೆಯ ಜನಕ್ಕೆ ಹೊಸದಲ್ಲ. ಹೊಲದ ಬೇಲಿಗೆ ಕಲ್ಲುಕೂಚಗಳನ್ನು ನೆಡುತ್ತಾರೆ. ಊರು ಕಟ್ಟುವಾಗ ನೆಟ್ಟ ಕರುಗಲ್ಲಿಗೆ ದನಕರುಗಳ ಕ್ಷೇಮಕ್ಕಾಗಿ ಪೂಜೆ ಸಲ್ಲಿಸುತ್ತಾರೆ. ತುರು ಕಾಯ್ದು ಮಡಿದವನಿಗೆ ವೀರಗಲ್ಲು, ಸಹಗಮನ ಮಾಡಿದವಳಿಗೆ ಮಾಸ್ತಿಕಲ್ಲು, ದೇವರಿಗೂ ಮಠಕ್ಕೂ ಬಿಟ್ಟ ಭೂಮಿಯ ಎಲ್ಲೆಗೆ ಲಿಂಗಮುದ್ರೆಯ ಕಲ್ಲು. ಇವೆಲ್ಲವೂ ಐತಿಹಾಸಿಕ ಕಾಲದವು. ಕೆಲವುದರಲ್ಲಿ ಬರಹವಿದೆ, ಉಳಿದವುಗಳಲ್ಲಿ ಬಿಡಿಸಿದ ರೂಪವಿದೆ. ಇವುಗಳಿಗಿಂತ ಪ್ರಾಚೀನವಾದ, ಬರಹವೂ ರೂಪವೂ ಇಲ್ಲದ ಇನ್ನೊಂದು ಬಗೆಯ ಕಲ್ಲುಂಟು. ಅದೇ ನಿಲುಗಲ್ಲು. ನೆಟ್ಟಕಲ್ಲು, ನಿಲಸುಗಲ್ಲು ಎಂದೂ ಅದನ್ನು ಕರೆಯುವುದುಂಟು. ಪಾಶ್ಚಾತ್ಯ ವಿದ್ವಾಂಸರು ಇದಕ್ಕೆ ‘ಮೆನ್‌ಹಿರ್’ ಎಂಬ ಹೆಸರನ್ನು ಬಳಸುತ್ತಾರೆ. ಅದು ಫ್ರಾನ್ಸ್ ದೇಶದ ಬ್ರಿಟನಿ ಪ್ರಾಂತದ ಭಾಷೆಯ ಮಾತು. ‘ಉದ್ದನೆಯ ಕಲ್ಲು’ ಎಂದಷ್ಟೇ ಅದರ ಅರ್ಥ. ಕನ್ನಡದ ಹೆಸರು ಅದಕ್ಕಿಂತ ಯೋಗ್ಯವಾಗಿದೆಯೆಂದು ಹೇಳಬೇಕು. ಏಕೆಂದರೆ ಈ ಕಲ್ಲಿನ ಲಕ್ಷಣವು ಅದರ ಉದ್ದದಲ್ಲಿಲ್ಲ, ನಿಲುವಿನಲ್ಲಿದೆ.

ದಕ್ಷಿಣ ಭಾರತದಲ್ಲಿ ನಿಲುಗಲ್ಲು ಒಂಟಿಯಾಗಿ ಕಾಣುವುದಕ್ಕಿಂತ ಹೆಚ್ಚಾಗಿ ಬೃಹತ್ ಶಿಲಾಸಮಾಧಿಗಳ ಪರಿಸರದಲ್ಲಿ ಕಾಣುತ್ತದೆ. ನಾಲ್ಕು ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿಯನ್ನು ಮುಚ್ಚಿದ ಕಲ್ಗೋರಿಗಳು, ನೆಲದೊಳಗೆ ಹುದುಗಿದ ಕಲ್ಪೆಟ್ಟಿಗೆಗಳು, ಗುಂಡುಕಲ್ಲುಗಳನ್ನು ದುಂಡಗೆ ಜೋಡಿಸಿದ ಶಿಲಾವೃತ್ತಗಳು, ಕಲ್ಲು ರಾಶಿಗಳು, ಇವುಗಳೊಡನೆ ನಿಲುಗಲ್ಲು. ವಿ. ಡಿ. ಕೃಷ್ಣಸ್ವಾಮಿಯವರು ೧೯೪೯ರಲ್ಲಿ ಈ ಪ್ರಭೇದಗಳನ್ನು ವಿಂಗಡಿಸಿ ಅವುಗಳಿಗೆ ಖಚಿತವಾದ ಹೆಸರುಗಳನ್ನು ಸೂಚಿಸಿದರು. ಕರ್ನಾಟಕದ ಕಲ್ಗೋರಿಗಳ ರಚನಾಭೇದಗಳನ್ನು ಊರೂರು ತಿರುಗಿ ಅಭ್ಯಸಿಸಿದ ಡಾ. ಅ. ಸುಂದರ ಅವರ ಗ್ರಂಥವು ೧೯೭೫ರಲ್ಲಿ ಪ್ರಕಟವಾಯಿತು.

ಮಾಗಡಿ ರಾಮನಗರಗಳ ನೆಲವೇ ಇಂಥ ನಿರ್ಮಾಣಕ್ಕೆ ಹೇಳಿ ಮಾಡಿಸಿದಂತಿದೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆಯೆಂಬ ಹೆಸರಿದ್ದಿತು. ಉತ್ತರದಕ್ಷಿಣವಾಗಿ ನಾಡಿನುದ್ದಕ್ಕೂ ಹಬ್ಬಿರುವ ಕಣಶಿಲೆಯ ಪಟ್ಟಿಯನ್ನು ಭೂವಿಜ್ಞಾನಿಗಳು ಇಂದಿಗೂ ಆ ಹೆಸರಿನಿಂದಲೇ ಗುರುತಿಸುತ್ತಾರೆ. ಸುಮಾರು ೨೫೦ ಕೋಟಿ ವರ್ಷಗಳಷ್ಟು ಹಳೆಯದಾದ ಈ ಶಿಲೆಯು ಬಿಸಿಲು ಮಳೆಗಳಿಗೆ ಸಿಕ್ಕಿ ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಬಿಟ್ಟುಕೊಳ್ಳುತ್ತದೆ. ಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಹದವಾಗಿ ಉರಿಸಿ ಪದರವನ್ನು ಎಬ್ಬಿಸಿ ಚಪ್ಪಡಿ ತೆಗೆಯುವ ವಿದ್ಯೆ ಬೆಂಗಳೂರಿನ ಸುತ್ತಣ ಕಲ್ಲುಕುಟಿಗರಲ್ಲಿ ಬಹುಕಾಲ ರೂಢಿಯಲ್ಲಿತ್ತು. ಚಪ್ಪಡಿ ಸುಲಭವಾಗಿ ದೊರೆತ ನೆಲದಲ್ಲಿ ಚಪ್ಪಡಿಯ ಗೋರಿಗಳು ಹೇರಳವಾದವು. ಆದರೆ ಅದೇ ಸೌಲಭ್ಯವು ಮುಂದೆ ಅವುಗಳ ಪಾಲಿಗೆ ಮುಳುವಾಯಿತೆಂಬುದನ್ನು ಮುಂದೆ ನೋಡಬಹುದು.

ಸಾವನದುರ್ಗದ ಪ್ರಾಚೀನ ಸಮಾಧಿಗಳನ್ನು ವಿದ್ವತ್ ಪ್ರಪಂಚಕ್ಕೆ ಪರಿಚಯಿಸಿದವನು ಬ್ರಾನ್‌ಫಿಲ್ ಎಂಬ ಆಂಗ್ಲ ಅಧಿಕಾರಿ. ಮಧ್ಯ ಮೈಸೂರು ಸೀಮೆಯ ಈ ಶಿಲಾಶ್ಮಶಾನವನ್ನು ಕುರಿತ ಅವನ ಲೇಖನ ೧೮೮೧ರ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯ ಹತ್ತನೆಯ ಸಂಪುಟದಲ್ಲಿ ಅಚ್ಚಾಯಿತು. ವಿದ್ವಾಂಸರು ಬರುವ ಮೊದಲು ಈ ಕಲ್ಲುಗಳಿಗೆ ಹೆಸರಿರಲಿಲ್ಲವೆಂದಲ್ಲ. ಕನ್ನಡ ನಾಡಿನ ಜನರು ಇವುಗಳನ್ನು ಪಾಂಡವರ ಮನೆ, ಪಾಂಡವರ ಗುಡಿ ಎಂದು ಕರೆದರು. ವನವಾಸದಲ್ಲಿದ್ದ ಪಾಂಡವರು ಹೋದಲ್ಲೆಲ್ಲ ಒಂದೊಂದು ಮನೆ ಕಟ್ಟಿಕೊಂಡಿದ್ದರೆಂಬುದು ಅವರ ನಂಬಿಕೆ. ಉತ್ತರದ ಕೊಪ್ಪಳದ ಕಡೆಗೆ ಇವು ಮೋರ್ಯರ ಮನೆಗಳು. ಕುಳ್ಳಗಿದ್ದ ಒಂದು ಪೂರ್ವಜನಾಂಗ ಈ ಪುಟ್ಟ ಮನೆಗಳಲ್ಲಿ ವಾಸಿಸುತ್ತಿತ್ತೆಂದು ಅಲ್ಲಿಯ ಕಥೆ. ಈ ಕಥೆಗಳನ್ನು ಇತಿಹಾಸವೆಂದು ಒಪ್ಪಲಾಗದು. ಆದರೆ ಅವುಗಳನ್ನು ಹಗುರವಾಗಿ ಕಾಣಲೂ ಆಗದು. ‘ಇದು ನಮ್ಮದಲ್ಲ, ನಮಗಿಂತ ಹಿಂದಿನವರದು, ಮುಟ್ಟಬಾರದು’ ಎಂಬ ಭಾವವನ್ನು ಉಳಿಸಿಕೊಟ್ಟದ್ದು ಈ ಕಥೆಗಳೇ. ಕಾಯಿದೆ ಹುಟ್ಟುವುದಕ್ಕೆ ಮುನ್ನ ನೂರಾರು ವರ್ಷಗಳ ಕಾಲ ಈ ಕಲ್ಲುಗಳನ್ನು ಕಾಯ್ದ ಕಾವಲುಗಾರರು ಪಾಂಡವರೇ ಎನ್ನಬಹುದು.

ಇನ್ನು ಕಾಲದ ವಿಚಾರ. ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನವು ಈ ಸಂಸ್ಕೃತಿಯ ಕಾಲನಿರ್ಣಯಕ್ಕೆ ಮೊದಲ ಬಾರಿಗೆ ಪದರಗಳ ಆಧಾರವನ್ನು ಒದಗಿಸಿತು. ಅದೇ ಬ್ರಹ್ಮಗಿರಿಯಲ್ಲಿ ಅದಕ್ಕೆ ಮೊದಲು ಡಾ. ಎಂ. ಎಚ್. ಕೃಷ್ಣ ಅವರು ಅಗೆತ ನಡೆಸಿದ್ದರು. ವೀಲರ್ ಈ ಸಂಸ್ಕೃತಿಗೆ ಕ್ರಿಸ್ತಪೂರ್ವ ಎರಡನೆಯ ಶತಮಾನದ ಆರಂಭವನ್ನು ಸೂಚಿಸಿದನು. ಡಾ. ಎಂ. ಎಸ್. ನಾಗರಾಜರಾವ್ ಅವರು ೧೯೬೫ರಲ್ಲಿ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಅಗೆಸಿದಾಗ ಕಬ್ಬಿಣದ ಬಳಕೆಯು ಕ್ರಿಸ್ತಪೂರ್ವ ಸುಮಾರು ೧೦೦೦ದವರೆಗೆ ಹಿಂದೆ ಹೋಯಿತು. ಇಂದು ಬೃಹತ್ ಶಿಲಾಸಂಸ್ಕೃತಿಯ ಬಹುಭಾಗವನ್ನು ಕ್ರಿಸ್ತಪೂರ್ವ ೧೨೦೦ರಿಂದ ೩೦೦ರ ನಡುವೆ ಇಡುವುದು ವಾಡಿಕೆ. ಅಶೋಕನ ಬ್ರಹ್ಮಗಿರಿಯ ಶಾಸನವು ಕ್ರಿಸ್ತಪೂರ್ವ ಮೂರನೆಯ ಶತಮಾನದ್ದು. ಹಲ್ಮಿಡಿಯ ಕನ್ನಡ ಶಾಸನವು ಕ್ರಿ.ಶ. ಸುಮಾರು ೪೫೦ರದು. ಅಂದಮೇಲೆ ನಿಲುಗಲ್ಲನ್ನು ನೆಟ್ಟವರಲ್ಲಿ ಹೆಚ್ಚಿನವರು ನಮ್ಮ ನಾಡಿನಲ್ಲಿ ಮೊದಲ ಅಕ್ಷರ ಬೀಳುವ ಮುಂಚೆಯೇ ಕಣ್ಮರೆಯಾದವರು.

ಇಲ್ಲಿಯೇ ಒಂದು ಮುಖ್ಯವಾದ ಭೇದವನ್ನು ಗಮನಿಸಬೇಕು. ಬಿ. ಎಲ್. ರೈಸ್ ಅವರು ಮಾಗಡಿ ತಾಲ್ಲೂಕೂ ಸೇರಿದಂತೆ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ ೧೯೦೫ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟವನ್ನು ಹೊರತಂದರು. ಅಕ್ಷರವಿದ್ದ ಕಲ್ಲಿಗೆಲ್ಲ ಒಂದು ಸಂಖ್ಯೆ ಬಿದ್ದಿತು. ಅದರ ಪಾಠ ಅಚ್ಚಾಯಿತು. ಅಂಥ ಕಲ್ಲು ನಾಳೆ ಒಡೆದುಹೋದರೂ ಅದರ ಮಾತು ಪುಸ್ತಕದಲ್ಲಿ ಉಳಿದಿರುತ್ತದೆ. ಅದನ್ನು ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರೂ ರಾಜನ ಹೆಸರು, ದಾನದ ವಿವರ, ತಿಥಿವಾರಗಳು ಅದರ ಮೈಮೇಲೆಯೇ ಇರುತ್ತವೆ. ನಿಲುಗಲ್ಲಿನ ಸ್ಥಿತಿ ಹಾಗಲ್ಲ. ಅದರ ಮೈಮೇಲೆ ಓದುವುದಕ್ಕೆ ಏನೂ ಇಲ್ಲ. ಅದು ಎಲ್ಲಿ ನಿಂತಿದೆ, ಯಾವ ದಿಕ್ಕಿಗೆ ಮುಖಮಾಡಿದೆ, ನೆರೆಯ ಗೋರಿಗೆ ಎಷ್ಟು ದೂರದಲ್ಲಿದೆ, ಬುಡದಲ್ಲಿ ಏನಿದೆ, ಇವೇ ಅದರ ಅಕ್ಷರಗಳು. ಕಿತ್ತೊಡನೆ ಆ ಅಕ್ಷರಗಳು ಅಳಿಸಿಹೋಗುತ್ತವೆ. ಉಳಿಯುವುದು ಒಂದು ಚಪ್ಪಡಿ ಮಾತ್ರ.

ಈ ಮಾತಿನ ಸತ್ಯವನ್ನು ನಾಡಿನ ಇತರ ನೆಲೆಗಳು ಚೆನ್ನಾಗಿ ತೋರಿಸುತ್ತವೆ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ನಿಲಸ್ಕಲ್ ಎಂಬ ಊರಿದೆ; ನಿಂತ ಕಲ್ಲುಗಳಿಂದಲೇ ಊರಿಗೆ ಹೆಸರು. ಅಲ್ಲಿಯೂ ಅದೇ ತಾಲ್ಲೂಕಿನ ಬೈಸೆಯಲ್ಲಿಯೂ ಇರುವ ನಿಲುಗಲ್ಲುಗಳನ್ನು ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯ ಮೊದಲಾದ ಸಂಶೋಧಕರು ಅಳೆದು ಪರೀಕ್ಷಿಸಿದರು. ಚಪ್ಪಟೆಯಾದ ಈ ಕಲ್ಲುಗಳ ಅಗಲವಾದ ಮೈಯನ್ನು ಉತ್ತರದಕ್ಷಿಣ ದಿಕ್ಕಿನಲ್ಲಿ ಹಿಡಿದು ನಿಲ್ಲಿಸಲಾಗಿದೆ. ಕೆಲವು ಜೋಡಿಗಳನ್ನು ಸೇರಿಸಿ ಗೆರೆ ಎಳೆದರೆ ಅದು ಉತ್ತರಾಯಣ ದಕ್ಷಿಣಾಯನಗಳ ಸಂಧಿದಿನದ ಸೂರ್ಯೋದಯ ಅಥವಾ ಸೂರ್ಯಾಸ್ತದ ಕಡೆಗೆ ಸಾಗುತ್ತದೆಯೆಂದು ಅವರು ತೋರಿಸಿದರು.

ಯಾದಗಿರಿ ಜಿಲ್ಲೆಯ ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಇನ್ನೊಂದು ವಿಸ್ಮಯವುಂಟು. ಗುಂಡುಕಲ್ಲುಗಳನ್ನು ಸಮಾನ ಅಂತರದಲ್ಲಿ, ಚದುರಂಗದ ಮನೆಗಳನ್ನು ಓರೆಯಾಗಿ ಹಿಡಿದಂತೆ, ಸಾಲುಸಾಲಾಗಿ ಇರಿಸಲಾಗಿದೆ. ಸುರಪುರ ಸಂಸ್ಥಾನದ ಆಡಳಿತವನ್ನು ೧೮೪೧ರಿಂದ ೧೮೫೩ರವರೆಗೆ ನೋಡಿಕೊಂಡ ಮೆಡೋಸ್ ಟೇಲರ್ ಇಂಥ ನೆಲೆಗಳನ್ನು ಮೊದಲಿಗೆ ವರ್ಣಿಸಿದನು. ಕೊಡೇಕಲ್ಲಿನ ಸಮೀಪದ ಹನಮಸಾಗರದಲ್ಲಿಯೂ ಇಂಥ ವಿಶಾಲವಾದ ಸಾಲುಗಳಿವೆ. ಎಫ್. ಆರ್. ಆಲ್ಚಿನ್ ೧೯೫೬ರಲ್ಲಿ ಈ ಕಲ್ಲಿನ ಸಾಲುಗಳನ್ನು ಕುರಿತು ಬರೆದರು, ಖಗೋಳವಿಜ್ಞಾನಿ ಎನ್. ಕಾಮೇಶ್ವರರಾವ್ ಇವುಗಳಲ್ಲಿ ಸೂರ್ಯಗತಿಯ ವೀಕ್ಷಣೆಯ ಉದ್ದೇಶವಿರಬಹುದೇ ಎಂಬುದನ್ನು ಪರಿಶೀಲಿಸಿದರು. ವಿಭೂತಿಹಳ್ಳಿಯು ‘ಪ್ರಾಚೀನ ಖಗೋಳ ನೆಲೆ’ ಎಂಬ ಹೆಸರಿನಲ್ಲಿಯೇ ಕೇಂದ್ರ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾಗಿದೆ. ಇವುಗಳನ್ನು ನೆಟ್ಟವರ ಉದ್ದೇಶ ನಿಜವಾಗಿಯೂ ಕಾಲಗಣನೆಯೇ ಎಂಬ ಚರ್ಚೆ ಮುಂದುವರಿಯಬಹುದು. ಆದರೆ ಚರ್ಚೆಗೆ ಅವಕಾಶ ದೊರೆತದ್ದೇ ಕಲ್ಲುಗಳು ನೆಟ್ಟಲ್ಲಿಯೇ ಉಳಿದಿದ್ದರಿಂದ. ಜೋಡಿಯಲ್ಲಿ ಒಂದನ್ನು ಹತ್ತು ಮಾರು ಆಚೆಗೆ ಸರಿಸಿದ್ದರೆ ಸೂರ್ಯನ ಕಡೆಗಿನ ಗೆರೆ ಎಂದೆಂದಿಗೂ ಅಳಿದುಹೋಗುತ್ತಿತ್ತು.

ಹೊಲದಲ್ಲಿ ಕಂಡ ನಿಂತ ಕಲ್ಲೆಲ್ಲ ಪ್ರಾಗೈತಿಹಾಸಿಕವಲ್ಲವಷ್ಟೆ. ಅದನ್ನು ಗುರುತಿಸುವುದು ಹೇಗೆ? ನಿಲುಗಲ್ಲಿನ ಮೈ ಒರಟಾಗಿರುತ್ತದೆ. ಉಳಿಯಿಂದ ಸಮಮಾಡಿದ ಗುರುತಾಗಲಿ, ಸಾಲಾಗಿ ಹೊಡೆದ ಚಾಣದ ಗುಳಿಗಳಾಗಲಿ ಕಂಡರೆ ಅದು ಈಚಿನ ಕಲ್ಲೆಂದು ಶಂಕಿಸಬೇಕು. ಸೂರ್ಯ ಚಂದ್ರ, ಲಿಂಗ, ನಂದಿ, ಎತ್ತಿದ ಕೈ, ಆಯುಧ ಹಿಡಿದ ಯೋಧ ಇವುಗಳಲ್ಲಿ ಯಾವುದಾದರೂ ಇದ್ದರೆ ಅದು ವೀರಗಲ್ಲೋ ಮಾಸ್ತಿಕಲ್ಲೋ ಮುದ್ರೆಗಲ್ಲೋ ಆಗಿರುತ್ತದೆ. ಊರ ಬಾಗಿಲಿನ ಕರುಗಲ್ಲು ಕೆಲವೊಮ್ಮೆ ಒರಟಾಗಿಯೇ ಇರುತ್ತದೆ. ಆದರೆ ಅದರ ಸಂಬಂಧ ಊರಿನೊಡನೆ. ನಿಲುಗಲ್ಲಿನ ಸಂಬಂಧ ಸಾಮಾನ್ಯವಾಗಿ ಗೋರಿಗಳೊಡನೆ. ಆದುದರಿಂದ ಕಲ್ಲನ್ನು ನೋಡಿ ಹಿಂದಿರುಗದೆ ಸುತ್ತಲ ನೆಲವನ್ನು ನೋಡಬೇಕು. ದುಂಡಗೆ ಜೋಡಿಸಿದ ಗುಂಡುಗಳು, ನೆಲಮಟ್ಟದಲ್ಲಿ ಇಣುಕುವ ಚಪ್ಪಡಿಯ ಅಂಚುಗಳು, ಕಬ್ಬಿಣದ ಕಿಟ್ಟ, ಒಳಮೈಯೂ ಕಂಠವೂ ಕಪ್ಪಾಗಿ ಹೊರಮೈಯ ಕೆಳಭಾಗ ಕೆಂಪಾಗಿರುವ ಮಡಕೆಯ ಚೂರುಗಳು ಕಂಡರೆ ಸಾಕ್ಷ್ಯ ಬಲವಾಗುತ್ತದೆ. ಮಡಕೆಯನ್ನು ಬೋರಲಾಗಿರಿಸಿ ಸುಟ್ಟಾಗ ಗಾಳಿಯಾಡದ ಒಳಭಾಗ ಕಪ್ಪಾಗಿ, ಗಾಳಿಯಾಡಿದ ಹೊರಭಾಗ ಕೆಂಪಾಗುವುದು ಈ ದ್ವಿವರ್ಣದ ರಹಸ್ಯವೆಂದು ವಿದ್ವಾಂಸರು ವಿವರಿಸುತ್ತಾರೆ.

ಈ ಸಂದರ್ಭದಲ್ಲಿ ಶೈವಭಕ್ತರಾದ ವಾಚಕರ ಮನಸ್ಸಿನಲ್ಲಿ ಏಳಬಹುದಾದ ಎರಡು ವಿಚಾರಗಳನ್ನು ಮುಚ್ಚಿಡದೆ ಹೇಳಬೇಕು. ಮೊದಲನೆಯದು, ನೆಟ್ಟ ಕಲ್ಲೇ ಸ್ಥಾವರಲಿಂಗದ ಮೂಲರೂಪವೆಂಬ ಊಹೆ. ‘ಸ್ಥಾವರ’ ಶಬ್ದಕ್ಕೆ ನಿಂತದ್ದೆಂದೇ ಅರ್ಥವಿರುವುದರಿಂದ ಈ ಊಹೆ ಆಕರ್ಷಕವಾಗಿ ತೋರುತ್ತದೆ. ಆದರೆ ಶಬ್ದದ ಸಾಮ್ಯ ಸಾಕ್ಷ್ಯವಲ್ಲ. ನಿಲುಗಲ್ಲನ್ನು ನೆಟ್ಟವರು ಅದರಲ್ಲಿ ಯಾವ ದೈವವನ್ನು ಕಂಡರೆಂಬುದಕ್ಕೆ ಅವರ ಒಂದು ಮಾತೂ ನಮಗೆ ಉಳಿದಿಲ್ಲ. ಎರಡನೆಯದು, ಮಣ್ಣುಮಾಡುವ ಪದ್ಧತಿ ಅವರಲ್ಲಿಯೂ ಇದ್ದುದರಿಂದ ಅವರು ನಮ್ಮ ಸಮಾಧಿಸಂಪ್ರದಾಯದ ಪೂರ್ವಿಕರೆಂಬ ಭಾವನೆ. ಇದನ್ನೂ ತಡೆದು ನೋಡಬೇಕಾಗುತ್ತದೆ. ವೀರಶೈವರಲ್ಲಿ ಲಿಂಗೈಕ್ಯರಾದವರ ಪೂರ್ಣದೇಹವನ್ನು, ಇಷ್ಟಲಿಂಗಸಹಿತವಾಗಿ, ಕುಳಿತ ಭಂಗಿಯಲ್ಲಿ ಸಮಾಧಿಮಾಡುವುದು ಕ್ರಮ. ಬೃಹತ್ ಶಿಲಾಗೋರಿಗಳಲ್ಲಿ ಬಹುಸಂಖ್ಯೆಯವು ಬೇರೆಡೆ ದೇಹ ಕರಗಿದ ಬಳಿಕ ಕೆಲವೇ ಮೂಳೆಗಳನ್ನು ಆರಿಸಿ ತಂದು, ಮಡಕೆ, ಕಬ್ಬಿಣದ ಆಯುಧ, ಮಣಿಗಳೊಡನೆ ಇರಿಸಿದಂಥವು. ಎರಡು ಪದ್ಧತಿಗಳ ಹಿಂದಿನ ತತ್ತ್ವವೂ ಬೇರೆ, ನಡುವಣ ಕಾಲವೂ ಒಂದು ಸಾವಿರ ವರ್ಷಕ್ಕಿಂತ ಹೆಚ್ಚಿನದು. ಸತ್ತವರನ್ನು ಗೌರವಿಸಿದ ಮನುಷ್ಯರೆಂಬ ನೆಲೆಯಲ್ಲಿ ಅವರು ನಮ್ಮವರೆನ್ನುವುದಕ್ಕೆ ಅಡ್ಡಿಯಿಲ್ಲ. ಅದಕ್ಕಿಂತ ಹೆಚ್ಚಿನ ನಂಟನ್ನು ಕಟ್ಟಹೊರಟರೆ ಅವರ ಕಲ್ಲಿನ ಮೇಲೆ ನಮ್ಮ ಹೆಸರನ್ನು ಕೊರೆದಂತಾಗುತ್ತದೆ.

ಕೊರೆಯುವ ಮಾತು ಇಲ್ಲಿ ಅಲಂಕಾರವಷ್ಟೇ ಅಲ್ಲ. ನಿಂತ ಕಲ್ಲಿಗೆ ಎರಡು ದಿಕ್ಕಿನಿಂದ ಅಪಾಯವಿದೆ. ಕಲ್ಲನ್ನು ಕಲ್ಲೆಂದೇ ಕಾಣುವವನು ಅದನ್ನು ಸೀಳಿ ಕೂಚಕ್ಕೂ ಮೋರಿಯ ಮುಚ್ಚಳಕ್ಕೂ ಬಳಸುತ್ತಾನೆ. ಹೊಲ ಹಸನುಮಾಡುವ ಯಂತ್ರವು ಶಿಲಾವೃತ್ತವನ್ನು ಒಂದು ಬೆಳಗಿನಲ್ಲಿ ಗುಡ್ಡೆಹಾಕುತ್ತದೆ. ಕಲ್ಲನ್ನು ದೇವರೆಂದು ಕಾಣುವವನು ಭಕ್ತಿಯಿಂದಲೇ ಅದರ ಬುಡವನ್ನು ಅಗೆದು ಕಟ್ಟೆ ಕಟ್ಟಿ, ಗಾರೆ ಮೆತ್ತಿ, ಬಣ್ಣ ಬಳಿದು, ಮಳೆಬಿಸಿಲು ತಾಗದಂತೆ ಗುಡಿಯನ್ನೂ ಎಬ್ಬಿಸುತ್ತಾನೆ. ಮೊದಲನೆಯವನು ಕಲ್ಲನ್ನು ಕಳೆಯುತ್ತಾನೆ. ಎರಡನೆಯವನು ಕಲ್ಲನ್ನು ಉಳಿಸಿ ಸಾಕ್ಷ್ಯವನ್ನು ಕಳೆಯುತ್ತಾನೆ. ಹೂವೇರಿಸಿ ಕೈಮುಗಿಯುವುದರಿಂದ ಕಲ್ಲಿಗೆ ಕೇಡಿಲ್ಲ. ಬುಡವನ್ನು ಅಗೆಯುವುದರಿಂದ ಕೇಡುಂಟು. ಈ ವಿವೇಕವನ್ನು ಭಕ್ತರಿಗೆ ತಿಳಿಸಬಲ್ಲ ಅಧಿಕಾರ ಸರ್ಕಾರಕ್ಕಿಂತ ಮಠಗಳಿಗೂ ಊರ ಹಿರಿಯರಿಗೂ ಹೆಚ್ಚಾಗಿದೆ.

ಹಾಗಾದರೆ ಕಾಯಿದೆ ಏನು ಮಾಡುತ್ತದೆ? ೧೯೦೪ರ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯಿದೆಯ ತರುವಾಯ ೧೯೫೮ರಲ್ಲಿ ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ತ್ವ ನೆಲೆಗಳು ಹಾಗೂ ಅವಶೇಷಗಳ ಕಾಯಿದೆ ಜಾರಿಗೆ ಬಂದಿತು. ಅದರ ವ್ಯಾಖ್ಯೆಯಲ್ಲಿ ಕಟ್ಟಡ, ಗುಹೆ, ಶಾಸನಗಳ ಜೊತೆಗೆ ಸಮಾಧಿಸ್ಥಳವನ್ನೂ ಏಕಶಿಲೆಯನ್ನೂ ಸ್ಪಷ್ಟವಾಗಿ ಹೆಸರಿಸಲಾಗಿದೆ. ನೂರು ವರ್ಷಗಳಿಗೆ ಕಡಿಮೆಯಿಲ್ಲದಂತೆ ಇದ್ದಿರಬೇಕೆಂಬುದು ನಿಯಮ. ನಮ್ಮ ರಾಜ್ಯವು ೧೯೬೧ರಲ್ಲಿ ತನ್ನದೇ ಆದ ಕಾಯಿದೆಯನ್ನು ಮಾಡಿಕೊಂಡಿತು. ೧೯೯೨ರ ಅಧಿಸೂಚನೆಯಿಂದ ಸಂರಕ್ಷಿತ ಎಲ್ಲೆಯ ಸುತ್ತ ನೂರು ಮೀಟರನ್ನು ನಿಷೇಧಿತ ವಲಯವೆಂದೂ, ಅದರಾಚೆಗಿನ ಇನ್ನೂರು ಮೀಟರನ್ನು ನಿಯಂತ್ರಿತ ವಲಯವೆಂದೂ ಗೊತ್ತುಮಾಡಲಾಯಿತು. ೨೦೧೦ರ ತಿದ್ದುಪಡಿಯು ಇದನ್ನು ಕಾಯಿದೆಯೊಳಕ್ಕೇ ತಂದು, ಸ್ಮಾರಕವನ್ನು ಹಾಳುಮಾಡಿದವರಿಗೆ ಎರಡು ವರ್ಷಗಳವರೆಗಿನ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗಿನ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದೆಂದಿತು. ಬೆಂಗಳೂರಿನ ಸುತ್ತಣ ನೆಲೆಗಳಲ್ಲಿ ಬಿಡದಿಯ ಸಮೀಪದ ಹೆಜ್ಜಾಲ, ದೇವನಹಳ್ಳಿಯ ದಾರಿಯ ಚಿಕ್ಕಜಾಲಗಳು ಪ್ರಾಗೈತಿಹಾಸಿಕ ನೆಲೆಗಳಾಗಿ ಕೇಂದ್ರದ ಪಟ್ಟಿಯಲ್ಲಿವೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ೨೦೨೧ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು.

ಆದರೂ ಕಾಯಿದೆಯ ಕೈ ಚಾಚುವುದು ಪಟ್ಟಿಯಲ್ಲಿ ಹೆಸರಿರುವ ನೆಲೆಯ ಮಟ್ಟಿಗೆ. ಸಂರಕ್ಷಿತ ಎಲ್ಲೆಯಿಂದ ಒಂದು ಮೈಲಿ ಆಚೆಗೆ, ಪಟ್ಟಾ ಹೊಲದಲ್ಲಿ ನಿಂತಿರುವ ಅಂಥದೇ ಕಲ್ಲಿಗೆ ಆ ಫಲಕವೂ ಇಲ್ಲ, ಬೇಲಿಯೂ ಇಲ್ಲ. ಪಟ್ಟಿಯಲ್ಲಿ ಹೆಸರಿದ್ದರೂ ಅದೇ ಸಾಲದೆಂಬುದನ್ನು ೨೦೧೩ರ ಮಹಾಲೇಖಪಾಲರ ವರದಿ ತೋರಿಸಿಕೊಟ್ಟಿದೆ. ದೇಶದ ೧೬೫೫ ಸಂರಕ್ಷಿತ ಸ್ಮಾರಕಗಳನ್ನು ಸ್ಥಳಕ್ಕೆ ಹೋಗಿ ಪರೀಕ್ಷಿಸಿದಾಗ ೯೨ ಕಾಣಲೇ ಇಲ್ಲವೆಂದು ಆ ವರದಿ ಹೇಳಿತು. ಬಳಿಕ ಅವುಗಳಲ್ಲಿ ಹಲವನ್ನು ಇಲಾಖೆ ಪತ್ತೆಹಚ್ಚಿದರೂ ಕೆಲವು ಸಿಗದೆಯೇ ಉಳಿದವು. ಕಟ್ಟಡಗಳೇ ಕಾಣೆಯಾಗಬಲ್ಲವಾದರೆ, ಹೆಸರೇ ಬರೆದಿಡದ ಒಂದು ಒರಟು ಚಪ್ಪಡಿ ಕಾಣೆಯಾದುದನ್ನು ಕೇಳುವವರಾರು?

ಆದುದರಿಂದ ಮೊದಲ ರಕ್ಷಣೆ ಬೇಲಿಯಲ್ಲ, ದಾಖಲೆ. ಇದು ಇಲಾಖೆಯೊಂದರಿಂದಲೇ ಆಗುವ ಕೆಲಸವೂ ಅಲ್ಲ, ಹೆಚ್ಚಿನ ಹಣ ಬೇಡುವ ಕೆಲಸವೂ ಅಲ್ಲ. ಶಾಸನಗಳಿಗಾಗಿ ರೈಸ್ ಅವರು ಮಾಡಿಸಿದ ಊರೂರಿನ ಸಂಚಾರವನ್ನು ಅಕ್ಷರವಿಲ್ಲದ ಕಲ್ಲುಗಳಿಗಾಗಿ ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಹೋಬಳಿಯಲ್ಲಿ ಮಾಡಬಹುದು. ಊರು, ಸರ್ವೆ ನಂಬರು, ಕಲ್ಲಿನ ಎತ್ತರ ಅಗಲ ದಪ್ಪ, ಅಗಲವಾದ ಮೈ ಇರುವ ದಿಕ್ಕು, ಹತ್ತಿರದ ಗೋರಿಗೂ ಕೆರೆಗೂ ಇರುವ ದೂರ, ಊರವರು ಅದಕ್ಕೆ ಹೇಳುವ ಹೆಸರು ಮತ್ತು ಕಥೆ, ನಾಲ್ಕು ಕಡೆಯಿಂದ ತೆಗೆದ ಛಾಯಾಚಿತ್ರ, ಇಷ್ಟನ್ನು ಬರೆದು ಒಂದು ಪ್ರತಿಯನ್ನು ಇಲಾಖೆಗೂ ಒಂದನ್ನು ಗ್ರಾಮ ಪಂಚಾಯತಿಗೂ ಕೊಟ್ಟರೆ ಸಾಕು. ಅಗೆಯಬಾರದು, ಚೂರನ್ನೂ ಮನೆಗೆ ಒಯ್ಯಬಾರದು. ಹೊಲದ ಒಡೆಯನನ್ನು ಅಪರಾಧಿಯಂತೆ ಕಾಣದೆ, ಅವನ ಹೊಲದಲ್ಲಿರುವುದು ಎಂಥ ವಸ್ತುವೆಂಬುದನ್ನು ಗೌರವದಿಂದ ತಿಳಿಸಬೇಕು. ನಿಂತ ಕಲ್ಲನ್ನು ಸುತ್ತು ಹಾಕಿ ನೇಗಿಲು ತಿರುಗಿಸಿದ ಅವನ ಅಜ್ಜಂದಿರೇ ಇದುವರೆಗೆ ಅದನ್ನು ಕಾಯ್ದವರೆಂಬುದನ್ನು ಮರೆಯಲಾಗದು.

ಸಾವನದುರ್ಗದ ತಪ್ಪಲಿನಲ್ಲಿ ಕಲ್ಲು ನಿಲ್ಲಿಸಿದವರ ಭಾಷೆ ಯಾವುದೆಂದು ನಾವರಿಯೆವು. ಅವರ ರಾಜರ ಹೆಸರಾಗಲಿ ದೇವರ ಹೆಸರಾಗಲಿ ನಮಗೆ ತಿಳಿಯದು. ಒಂದು ಸಂಗತಿಯನ್ನು ಮಾತ್ರ ಖಚಿತವಾಗಿ ಬಲ್ಲೆವು: ಸತ್ತವರ ನೆನಪು ತಮ್ಮ ಬಳಿಕವೂ ಉಳಿಯಬೇಕೆಂದು, ಹತ್ತಾರು ಜನ ಕೂಡಿ, ಬಂಡೆಯಿಂದ ಚಪ್ಪಡಿಯೆಬ್ಬಿಸಿ, ಹೊತ್ತು ತಂದು, ಗುಂಡಿ ತೋಡಿ, ಸುತ್ತ ಸಣ್ಣ ಕಲ್ಲುಗಳನ್ನು ಜಡಿದು ಅವರು ನಿಲ್ಲಿಸಿದರು. ಮೂರು ಸಾವಿರ ವರ್ಷಗಳ ಬಳಿಕವೂ ಅಲ್ಲೊಂದು ಇಲ್ಲೊಂದು ಕಲ್ಲು ನಿಂತಿದೆ. ವೀರಭದ್ರನ ದರ್ಶನಕ್ಕೆ ಹೋಗುವ ಭಕ್ತರು ದಾರಿಯ ಪಕ್ಕದಲ್ಲಿ ಅಂಥದೊಂದನ್ನು ಕಂಡರೆ ಒಂದು ಗಳಿಗೆ ನಿಂತು ನೋಡಲಿ. ಅದನ್ನು ಇದ್ದಲ್ಲಿಯೇ ಇರಗೊಟ್ಟು ಮುಂದೆ ಸಾಗಲಿ. ಅದಕ್ಕೆ ನಾವು ಸಲ್ಲಿಸಬೇಕಾದ ಸೇವೆ ಅಷ್ಟೇ.